ಬೆಳಗಾವಿಯಿಂದ ಬೆಂಗಳೂರಿಗೆ: ವಿಮಾನಕ್ಕೆ ಒಂದೂಕಾಲು ತಾಸು, ನಿಮಗೆ ಎಷ್ಟು?

ಬಾಗಲಕೋಟೆಯ ನಮ್ಮ ಅಕ್ಕ ಹೋದ ತಿಂಗಳು ಫೋನ್ ಮಾಡಿದ್ದಳು. ಮಗಳಿಗೆ ಬೆಂಗಳೂರಿನಲ್ಲಿ ಸಂದರ್ಶನ ಇದೆ, ಬೆಳಗ್ಗೆ ಹತ್ತೂವರೆಗೆ, ಹೇಗೆ ಕಳಿಸಲಿ ಅಂತ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಅಂದಳು: "ನಿನಗೇನಪಾ, ಸಾಂಬ್ರಾದಾಗ ಇಮಾನ ಹತ್ತಿದ್ರ ಒಂದ್ ತಾಸಿನ್ಯಾಗ ಬೆಂಗ್ಳೂರು."

ಈ "ಒಂದ್ ತಾಸು" ನಮ್ಮ ಕಡೆ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಸುಳ್ಳೇನಲ್ಲ. ವಿಮಾನ ಗಾಳಿಯಲ್ಲಿ ಇರುವುದು ಹೆಚ್ಚುಕಡಿಮೆ ಅಷ್ಟೇ. ಆದರೆ ನಾವು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಇಳಿಯುವುದಿಲ್ಲವಲ್ಲ. ತಿಲಕವಾಡಿಯ ಮನೆಯ ಬೀಗ ಹಾಕಿದಲ್ಲಿಂದ ಜಯನಗರದ ಬಾಗಿಲು ತಟ್ಟುವವರೆಗೆ ಎಷ್ಟು ಹೊತ್ತು, ಆ ಹೊತ್ತಿನಲ್ಲಿ ಎಷ್ಟು ತಾಸು ಎಚ್ಚರವಾಗಿ ಕಳೆದೆವು, ಅದೇ ನಿಜವಾದ ಲೆಕ್ಕ. ಹದಿನೈದು ವರ್ಷದಿಂದ ಕೆಲಸದ ಮೇಲೆ ಬೆಂಗಳೂರಿಗೆ ಓಡಾಡಿ ಬಸ್ಸು, ರೈಲು, ಕಾರು, ವಿಮಾನ ಎಲ್ಲವನ್ನೂ ಮಾಡಿ ನೋಡಿದ ಮೇಲೆ ಬಂದ ಬುದ್ಧಿ ಇದು.

ಮೊದಲು ದೂರದ ಗೊಂದಲ

ಬೆಳಗಾವಿ–ಬೆಂಗಳೂರು ಎಷ್ಟು ದೂರ ಅಂತ ಮೊಬೈಲಿನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ ಬರುತ್ತದೆ. ಎಲ್ಲವೂ ಸರಿಯೇ, ಅಳೆದ ದಾರಿ ಬೇರೆ ಅಷ್ಟೇ. ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 445 ಕಿ.ಮೀ. ರಸ್ತೆಯಲ್ಲಿ, ಅಂದರೆ ಕಿತ್ತೂರು, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ಶಿರಾ, ತುಮಕೂರಿನ ಮೇಲೆ ಹೋದರೆ ಸುಮಾರು 500. ರೈಲಿನಲ್ಲಿ ಸುಮಾರು 610.

ರೈಲಿಗೆ ನೂರು ಕಿಲೋಮೀಟರ್ ಜಾಸ್ತಿ ಯಾಕೆ? ಬೆಳಗಾವಿ ಬಿಟ್ಟ ರೈಲು ನೇರ ಕಿತ್ತೂರಿನ ಕಡೆ ಹೋಗುವುದಿಲ್ಲ. ಖಾನಾಪುರದ ಮೇಲೆ ಕೆಳಗೆ ಲೋಂಡಾದವರೆಗೆ ಇಳಿದು, ಅಲ್ಲಿಂದ ತಿರುಗಿ ಅಳ್ನಾವರ ಮುಟ್ಟಿ ಧಾರವಾಡಕ್ಕೆ ಬರುತ್ತದೆ. ಮುಂದೆ ದಾವಣಗೆರೆ ದಾಟಿದ ಮೇಲೆ ಇನ್ನೊಂದು ಸುತ್ತು: ಚಿತ್ರದುರ್ಗವನ್ನು ಬಿಟ್ಟು ಬೀರೂರು, ಅರಸೀಕೆರೆ, ತಿಪಟೂರು ಅಂತ ಬಳಸಿಕೊಂಡು ತುಮಕೂರಿಗೆ. ಧಾರವಾಡ–ಕಿತ್ತೂರು–ಬೆಳಗಾವಿ ನೇರ ಮಾರ್ಗ, ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಎರಡೂ ಮುಗಿದ ದಿನ ಈ ಸುತ್ತು ತಪ್ಪುತ್ತದೆ. ಅಲ್ಲಿಯವರೆಗೆ ಲೋಂಡಾದ ಕಾಡು ನೋಡುತ್ತಾ ಹೋಗಬೇಕು. ಮಳೆಗಾಲದಲ್ಲಿ ಹಗಲು ರೈಲಿದ್ದರೆ ನನಗೇನೂ ತಕರಾರಿಲ್ಲ.

ಇನ್ನು ಹಾರಾಟದ ಸಮಯ. 445 ಕಿ.ಮೀ.ಗೆ ಜೆಟ್ ವಿಮಾನಕ್ಕೆ ಮುಕ್ಕಾಲು ತಾಸು ಸಾಕು ಅನ್ನಿಸುತ್ತದೆ. ಆದರೆ ಟಿಕೆಟ್ಟಿನಲ್ಲಿ ಒಂದು ತಾಸು ಹತ್ತು ನಿಮಿಷ, ಒಂದೂ ಇಪ್ಪತ್ತು ಅಂತ ಇರುತ್ತದೆ. ಟಿಕೆಟ್ಟಿನ ಮೇಲಿನ ಸಮಯ ಹಾರಾಟದ್ದಲ್ಲ. ವಿಮಾನ ನಿಂತ ಜಾಗದಿಂದ ಅಲುಗಿದಾಗ ಶುರುವಾಗಿ ಆ ಕಡೆ ಹೋಗಿ ನಿಂತಾಗ ಮುಗಿಯುವ ಸಮಯ. ರನ್‌ವೇಗೆ ಉರುಳುವುದು, ಮೇಲೇರುವುದು, ಬೆಂಗಳೂರಿನ ಮೇಲೆ ಸರದಿಗೆ ಕಾಯುವುದು ಎಲ್ಲ ಅದರಲ್ಲೇ. ಹಾಗಾಗಿ ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ ಆಗಲಿ, ಜೆಟ್ ಆಗಲಿ, ಇಷ್ಟು ಹತ್ತಿರದ ದಾರಿಗೆ ಹತ್ತು-ಹದಿನೈದು ನಿಮಿಷದ ವ್ಯತ್ಯಾಸ ಅಷ್ಟೇ. ವಿಮಾನದ ಮಾದರಿ ನೋಡಿ ಟಿಕೆಟ್ ತೆಗೆಯಬೇಡಿ. ಇಳಿದ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ನೋಡಿ ತೆಗೆಯಿರಿ.

ವಿಮಾನ, ಬೀಗದಿಂದ ಬಾಗಿಲಿಗೆ

ಒಂದು ಸಲ ಸುಮ್ನೆ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ವಿಮಾನ ಒಂಬತ್ತಕ್ಕೆ. ಏಳಕ್ಕೆ ಮನೆ ಬಿಟ್ಟೆ. ಸಾಂಬ್ರಾ ಊರಿನಿಂದ ಹತ್ತು-ಹನ್ನೊಂದು ಕಿಲೋಮೀಟರ್, ಬಾಗಲಕೋಟೆ ರಸ್ತೆಯಲ್ಲಿ, ಮುತಗಾ ದಾಟಿದ ಮೇಲೆ. ಏಳೂ ಮೂವತ್ತೈದಕ್ಕೆ ನಿಲ್ದಾಣದ ಬಾಗಿಲಲ್ಲಿ. ಬ್ಯಾಗ್ ಕೊಡುವ ಕೌಂಟರ್ ಒಂದು ತಾಸು ಮೊದಲೇ ಮುಚ್ಚುತ್ತದೆ, ಹಾಗಾಗಿ ಎಂಟರ ಒಳಗೆ ಕೊಟ್ಟುಬಿಡಬೇಕು. ಆಮೇಲೆ ತಪಾಸಣೆ, ಆಮೇಲೆ ಕಾಯುವುದು. ವಿಮಾನ ಹತ್ತೂಕಾಲಿಗೆ ಇಳಿಯಿತು. ಬ್ಯಾಗ್ ಬೆಲ್ಟಿನ ಮೇಲೆ ಬರುವಷ್ಟರಲ್ಲಿ ಹತ್ತೂ ಐವತ್ತು. ಹೊರಗೆ ಬಂದು ಟ್ಯಾಕ್ಸಿ ಹಿಡಿದು, ಹೆಬ್ಬಾಳದ ಫ್ಲೈಓವರ್ ಹತ್ತಿರ ಎಂದಿನಂತೆ ತೆವಳಿ, ಜಯನಗರಕ್ಕೆ ಬಂದಾಗ ಹನ್ನೆರಡೂವರೆ.

ಒಟ್ಟು ಐದೂವರೆ ತಾಸು. ಅದರಲ್ಲಿ ವಿಮಾನದ ಪಾಲು ಒಂದೂಕಾಲು. ಉಳಿದ ನಾಲ್ಕೂ ಚಿಲ್ಲರೆ ತಾಸು ನೆಲದ ಮೇಲೆಯೇ.

ಅದರಲ್ಲೂ ಜಾಸ್ತಿ ಸಮಯ ತಿನ್ನುವುದು ಬೆಂಗಳೂರಿನ ಕಡೆ. ಕೆಂಪೇಗೌಡ ನಿಲ್ದಾಣ ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಇಲೆಕ್ಟ್ರಾನಿಕ್ ಸಿಟಿಗೆ 50ಕ್ಕಿಂತ ಜಾಸ್ತಿ. ನಿಮ್ಮ ಕೆಲಸ ದೇವನಹಳ್ಳಿ, ಯಲಹಂಕ, ಹೆಬ್ಬಾಳ, ಮಾನ್ಯತಾ ಟೆಕ್ ಪಾರ್ಕ್ ಕಡೆ ಇದ್ದರೆ ಮೇಲಿನ ಲೆಕ್ಕದಿಂದ ಒಂದು ತಾಸು ಕಳೆಯಿರಿ, ಆಗ ವಿಮಾನವೇ ರಾಜ. ಬನಶಂಕರಿ, ಕೆಂಗೇರಿ, ಇಲೆಕ್ಟ್ರಾನಿಕ್ ಸಿಟಿ ಆದರೆ ಸಂಜೆ ಹೊತ್ತಿನಲ್ಲಿ ಇನ್ನೊಂದು ತಾಸು ಕೂಡಿಸಿ. ಟ್ಯಾಕ್ಸಿ ದುಬಾರಿ ಅನ್ನಿಸಿದರೆ ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು ಒಳ್ಳೆಯವು, ಏಸಿ ಇದೆ, ಬ್ಯಾಗ್ ಇಡಲು ಜಾಗವೂ ಇದೆ. ಒಬ್ಬರೇ ಇದ್ದಾಗ ನಾನು ಅದರಲ್ಲೇ ಹೋಗುವುದು.

ವಾಪಸ್ ಬರುವಾಗ ಒಂದು ಮಾತು ನೆನಪಿರಲಿ: ಅಲ್ಲಿ ಈಗ ಎರಡು ಟರ್ಮಿನಲ್. ಎರಡನೆಯದು 2023ರ ಜನವರಿಯಲ್ಲಿ ಓಡಾಟ ಶುರುಮಾಡಿದಾಗ ಅಲ್ಲಿಂದ ಮೊದಲು ಹಾರಿದ್ದು ಕಲಬುರಗಿಯ ವಿಮಾನ. ನಮ್ಮ ಕಡೆಯ ಊರೇ ಬೋಣಿ ಮಾಡಿದ್ದು, ಅಲ್ವಾ. ಟಿಕೆಟ್ಟಿನ ಮೇಲೆ ಟಿ1 ಅಂತ ಇದೆಯೋ ಟಿ2 ಅಂತ ಇದೆಯೋ ನೋಡಿಯೇ ಟ್ಯಾಕ್ಸಿಯವರಿಗೆ ಹೇಳಿ.

ಇನ್ನು ಸಾಮಾನು. ವಿಮಾನದಲ್ಲಿ ಸಾಮಾನ್ಯವಾಗಿ ಕೆಳಗೆ ಹಾಕುವುದಕ್ಕೆ 15 ಕೆ.ಜಿ., ಕೈಯಲ್ಲಿ 7 ಕೆ.ಜಿ. ರೈಲಿನ ಸ್ಲೀಪರ್‌ನಲ್ಲಿ 40 ಕೆ.ಜಿ. ಬಿಡುತ್ತಾರೆ. ಕುಂದಾ, ಕರದಂಟು, ರೊಟ್ಟಿ ಕಟ್ಟು, ಶೇಂಗಾ ಹಿಂಡಿ ಅಂತ ಹೊತ್ತುಕೊಂಡು ಹೋಗುವ ನಮ್ಮ ಜನಕ್ಕೆ ಇದು ಸಣ್ಣ ವಿಷಯವಲ್ಲ. ಒಂದು ಸಲ ಅವ್ವ ನನಗೆ ಹೇಳದೆ ಬ್ಯಾಗಿನ ತಳಕ್ಕೆ ನಾಲ್ಕು ಕೊಬ್ಬರಿ ಬಟ್ಟಲು ಇಟ್ಟಿದ್ದರು. ಬ್ಯಾಗ್ ಕೊಟ್ಟು ಆರಾಮಾಗಿ ಚಹಾ ಕುಡಿಯುತ್ತಾ ಕೂತಿದ್ದೆ, ನನ್ನ ಹೆಸರು ಕೂಗಿದರು. ಹೋಗಿ ನೋಡಿದರೆ ಬ್ಯಾಗ್ ಬಿಚ್ಚಿಸಿ, ಮಡಿಸಿದ ಅಂಗಿ, ಟವೆಲ್ ಎಲ್ಲ ತೆಗೆಸಿ, ಕೊನೆಗೆ ದಿನಪತ್ರಿಕೆಯಲ್ಲಿ ಸುತ್ತಿದ್ದ ಕೊಬ್ಬರಿ ಹೊರಗೆ ಬಂತು. ಒಣ ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ಪದಾರ್ಥ ಅಂತ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ: ಅದು ಕೈಯಲ್ಲೇ ಇರಬೇಕು, ಕೆಳಗಿನ ಬ್ಯಾಗಿಗೆ ಹಾಕುವಂತಿಲ್ಲ. ಖಾರದ ಪುಡಿ ಕೈಚೀಲದಲ್ಲಿ ಬೇಡವೇ ಬೇಡ.

ಮಳೆಗಾಲದ ಮಾತೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದಿನ ಜುಲೈ. ಬೆಳಗಾವಿಯ ಮಳೆ ಗೊತ್ತಲ್ಲ, ಜಿಟಿಜಿಟಿ, ಮೋಡ ತಲೆಗೆ ತಾಗುವ ಹಾಗೆ. ಎಲ್ಲರೂ ಒಳಗೆ ಕೂತಿದ್ದೇವೆ. ವಿಮಾನ ಬರುವ ಹೊತ್ತಾಯಿತು, ಮೇಲೆ ಸದ್ದು ಕೇಳಿತು, ಗಾಜಿನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರೆ ಬಿಳಿ ಬಿಟ್ಟು ಏನೂ ಇಲ್ಲ. ಸದ್ದು ಒಂದು ಸುತ್ತು ಹೊಡೆಯಿತು. ಇನ್ನೊಂದು ಸುತ್ತು. ಆಮೇಲೆ ದೂರ ಹೋಗಿಬಿಟ್ಟಿತು. ಇಳಿಯಲು ಆಗದೆ ವಾಪಸ್. ಪಕ್ಕದಲ್ಲಿದ್ದ ಅಜ್ಜ ಒಬ್ಬರು "ಹೋತು ನೋಡ್ರಿ" ಅಂದರು, ಅಷ್ಟೇ. ಹಣ ವಾಪಸ್ ಬಂತು, ಆದರೆ ಹವಾಮಾನದ ಕಾರಣಕ್ಕೆ ರದ್ದಾದರೆ ಪರಿಹಾರ ಅಂತ ಬೇರೆ ಏನೂ ಕೊಡಬೇಕಾಗಿಲ್ಲ, ನಿಯಮವೇ ಹಾಗಿದೆ. ನಾನು ಅದೇ ರಾತ್ರಿ ಬಸ್ ಸ್ಟ್ಯಾಂಡಿಗೆ ಬಂದು ಸ್ಲೀಪರ್ ಬಸ್ ಹತ್ತಿದೆ. ಅದೇ ರೀತಿ ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಕಡೆ ನಸುಕಿನ ಮಂಜು. ಆ ತಿಂಗಳುಗಳಲ್ಲಿ ಮುಂಜಾನೆಯ ವಿಮಾನ ನಂಬಿ ಹನ್ನೊಂದಕ್ಕೆ ಕೋರ್ಟು ಕಚೇರಿ ಅಂತ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಬೈದ ಮೇಲೂ ಹೇಳುತ್ತೇನೆ, ಸಾಂಬ್ರಾದಿಂದ ಮೇಲೇರುವ ಆ ಐದು ನಿಮಿಷ ನನಗೆ ಇಷ್ಟ. ಎಡಗಡೆ ಕಿಟಕಿ ಸಿಕ್ಕಿ ಮೋಡ ಇಲ್ಲದಿದ್ದರೆ ಸವದತ್ತಿ ಕಡೆ ಮಲಪ್ರಭೆಯ ಹಿನ್ನೀರು ತಗಡಿನ ಹಾಗೆ ಹೊಳೆಯುವುದು ಕಾಣುತ್ತದೆ. ಬೆಳಗಿನ ವಿಮಾನದಲ್ಲಿ ಬಿಸಿಲು ಕೂಡ ಅದೇ ಕಡೆ ಹೊಡೆಯುತ್ತದೆ, ಅದು ಬೇರೆ ವಿಷಯ.

ರೈಲು: ಹಗಲಿನದೋ, ರಾತ್ರಿಯದೋ

ಇವೆರಡೂ ಒಂದೇ ಅಂತ ತಿಳಿಯಬೇಡಿ. ಕೆಲಸ ಬೇರೆ ಬೇರೆ.

2025ರ ಆಗಸ್ಟ್ 10ರಿಂದ ಬೆಳಗಾವಿಗೆ ವಂದೇ ಭಾರತ್ ಇದೆ. ನಸುಕಿನಲ್ಲಿ ಐದು ದಾಟುತ್ತಿದ್ದ ಹಾಗೆ ಇಲ್ಲಿಂದ ಬಿಟ್ಟು, ಮಧ್ಯಾಹ್ನ ಎರಡರ ಒಳಗೆ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಎಂಟೂವರೆ ತಾಸಿನ ಆಸುಪಾಸು. ಅವತ್ತೇ ಮಧ್ಯಾಹ್ನ ಅಲ್ಲಿಂದ ಹೊರಟು ರಾತ್ರಿ ಹತ್ತೂವರೆ ದಾಟಿದ ಮೇಲೆ ಬೆಳಗಾವಿ. ವಾರದಲ್ಲಿ ಒಂದು ದಿನ ರಜೆ, ಬುಧವಾರ. ಚೆಂದದ ರೈಲು, ಆದರೆ ಒಂದು ಇಡೀ ಹಗಲು ಹೋಗುತ್ತದೆ. ನಾಲ್ಕಕ್ಕೆ ಎದ್ದು, ನಾಲ್ಕೂ ಮುಕ್ಕಾಲಿಗೆ ಮನೆ ಬಿಟ್ಟರೆ ಜಯನಗರ ಮುಟ್ಟುವುದು ಎರಡೂವರೆಗೆ. ಹತ್ತು ತಾಸು, ಎಲ್ಲವೂ ಎಚ್ಚರದ್ದು. ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡುವವರಿಗೆ, ಸಂಜೆ ಮದುವೆಯ ಆರತಕ್ಷತೆಗೆ ಹೋಗುವವರಿಗೆ, ರಾತ್ರಿ ಪ್ರಯಾಣ ಆಗದ ವಯಸ್ಸಾದವರಿಗೆ ಸರಿ. ಒಂದು ಒಳ್ಳೆಯದೇನೆಂದರೆ ಇದು ಊರ ನಡುವೆ ಇಳಿಸುತ್ತದೆ, ಮೆಟ್ರೋ ಪಕ್ಕದಲ್ಲೇ. ಬೊಮ್ಮಸಂದ್ರದ ಹಳದಿ ಮೆಟ್ರೋ ಮಾರ್ಗಕ್ಕೂ ಅದೇ ಆಗಸ್ಟ್ 10ರಂದೇ ಹಸಿರು ನಿಶಾನೆ ಸಿಕ್ಕಿದ್ದು. ಹಾಗಾಗಿ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗ ಹಿಡಿದು, ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಾಯಿಸಿದರೆ ಇಲೆಕ್ಟ್ರಾನಿಕ್ ಸಿಟಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು.

ರಾತ್ರಿಯ ರೈಲಿನದು ಬೇರೆಯೇ ಲೆಕ್ಕ. 2019ರಲ್ಲಿ, ಸುರೇಶ್ ಅಂಗಡಿ ಅವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಶುರುವಾದ ಬೆಳಗಾವಿ–ಬೆಂಗಳೂರು ಸೂಪರ್‌ಫಾಸ್ಟ್ ಇದೆ. ರಾತ್ರಿ ಒಂಬತ್ತರ ಹೊತ್ತಿಗೆ ಇಲ್ಲಿಂದ, ಬೆಳಗ್ಗೆ ಏಳರ ಸುಮಾರಿಗೆ ಅಲ್ಲಿ. ಮಿರಜ್ ಕಡೆಯಿಂದ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಳೆಯ ಗೆಳೆಯ, ಅದು ಸಂಜೆಯೇ ಹೊರಡುತ್ತದೆ. ಸೂಪರ್‌ಫಾಸ್ಟ್ ನಮ್ಮ ಊರಿನಲ್ಲೇ ಹುಟ್ಟುವ ರೈಲು, ಅದಕ್ಕೇ ಖಾಲಿ, ಸ್ವಚ್ಛ ಬೋಗಿ ಸಿಗುತ್ತದೆ, ಹಿಂದಿನ ಊರಿನವರು ನಿಮ್ಮ ಬರ್ತ್ ಮೇಲೆ ಮಲಗಿರುವುದಿಲ್ಲ. ಮನೆಯಿಂದ ಮನೆಗೆ ಹನ್ನೊಂದೂವರೆ ತಾಸು ಆಗುತ್ತದೆ, ವಿಮಾನದ ಎರಡು ಪಟ್ಟು. ಆದರೆ ಹತ್ತಕ್ಕೆ ಮಲಗಿ ಆರಕ್ಕೆ ಎದ್ದರೆ ಎಚ್ಚರದ ತಾಸು ಮೂರೂವರೆ! ಅದರಲ್ಲೂ ಒಂದು ತಾಸು ಮನೆಯಲ್ಲಿದ್ದರೆ ಟಿವಿ ಮುಂದೆ ಕಳೆಯುತ್ತಿದ್ದದ್ದೇ. ವಿಮಾನ ನನ್ನ ಹಗಲಿನ ಐದೂವರೆ ತಾಸು ತಿಂದಿತ್ತು. ರಾತ್ರಿ ರೈಲು ಹಗಲನ್ನು ಮುಟ್ಟುವುದೇ ಇಲ್ಲ.

ತೊಂದರೆ ಟಿಕೆಟ್ಟಿನದು. 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ, ಹಬ್ಬ ಮತ್ತು ಶನಿವಾರ-ಭಾನುವಾರದ ಆಚೀಚೆ ಬೇಗ ತುಂಬುತ್ತದೆ. ತತ್ಕಾಲ್ ಹಿಂದಿನ ದಿನ ಏಸಿಗೆ ಬೆಳಗ್ಗೆ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ, ಅದಕ್ಕೆ ಆಧಾರ್ ಜೋಡಿಸಿದ ಖಾತೆ ಬೇಕು. ಈಗಲೇ ಜೋಡಿಸಿಟ್ಟುಕೊಳ್ಳಿ, ಒಂಬತ್ತೂ ಐವತ್ತೈದಕ್ಕೆ ಒಟಿಪಿ ಕಾಯುತ್ತಾ ಕೂರಬೇಡಿ.

ಬಸ್ಸು ಮತ್ತು ಕಾರು

ರಾತ್ರಿ ಸ್ಲೀಪರ್ ಬಸ್ಸಿನದೂ ರೈಲಿನ ಲೆಕ್ಕವೇ, ನಿದ್ದೆ ಮಾತ್ರ ಸ್ವಲ್ಪ ಕಡಿಮೆ. ಬೇಕಾದಾಗ ಸಿಗುತ್ತದೆ, ಅದೇ ಅದರ ದೊಡ್ಡ ಗುಣ. ತುಮಕೂರು ರಸ್ತೆಯಲ್ಲಿ ಮಾದಾವರ ಅಥವಾ ನಾಗಸಂದ್ರದಲ್ಲೇ ಇಳಿದು ಮೆಟ್ರೋ ಹತ್ತಿದರೆ ಬೆಳಗಿನ ಗೊರಗುಂಟೆಪಾಳ್ಯದ ಜಾತ್ರೆ ತಪ್ಪುತ್ತದೆ. ಚಾಲಕರಿಗೆ ರಾತ್ರಿಯೇ ಹೇಳಿಟ್ಟಿರಿ.

ಕಾರು ಎಂಟರಿಂದ ಒಂಬತ್ತು ತಾಸು. ಒಬ್ಬರೇ ಇದ್ದರೆ ದಡ್ಡತನ. ನಾಲ್ಕು ಜನ ಇದ್ದರೆ ಪೆಟ್ರೋಲ್ ಮೂರು ಸಾವಿರದ ಹತ್ತಿರ, ಮೇಲೆ ಟೋಲ್ ಸೇರಿದರೂ ನಾಲ್ಕು ವಿಮಾನ ಟಿಕೆಟ್ಟಿನ ಮುಂದೆ ಏನೂ ಅಲ್ಲ. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ನಿಲ್ಲಿಸುವ ಅರ್ಧ ತಾಸನ್ನು ನಾನು ಪ್ರಯಾಣದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ವಿಮಾನ ಯಾವಾಗ?

ನನ್ನ ಪ್ರಕಾರ ಮೂರೇ ಸಂದರ್ಭ. ಬೆಂಗಳೂರಿನಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದಾಗ: ಆಗ ಊರೊಳಗೆ ಹೋಗುವುದೇ ಇಲ್ಲ, ಹೆಬ್ಬಾಳದ ಗೋಳೂ ಇಲ್ಲ. ಆದರೆ ಎರಡೂ ಟಿಕೆಟ್ ಒಂದೇ ಬುಕಿಂಗಿನಲ್ಲಿ ಇರಲಿ, ಬೇರೆ ಬೇರೆ ತೆಗೆದರೆ ಮೊದಲನೆಯದು ತಡವಾದಾಗ ಎರಡನೆಯವರು ನಿಮಗಾಗಿ ಕಾಯುವುದಿಲ್ಲ. ಎರಡನೆಯದು, ಕೆಲಸ ಉತ್ತರ ಬೆಂಗಳೂರಿನಲ್ಲಿ, ಮಧ್ಯಾಹ್ನದ ಮೇಲೆ ಇದ್ದಾಗ. ಮೂರನೆಯದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಬೆಳಗ್ಗೆ ಫೋನ್ ಬಂತು, ರಾತ್ರಿಯವರೆಗೆ ಕಾಯಲು ಆಗುವುದಿಲ್ಲ ಅನ್ನುವಾಗ. ಆಗ ಲೆಕ್ಕ ಯಾರು ಹಾಕುತ್ತಾರೆ.

ದರ ಕಡಿಮೆ ಅಂತ ಹುಬ್ಬಳ್ಳಿಗೆ ಹೋಗಿ ಹತ್ತುವವರಿದ್ದಾರೆ. ಬೆಳಗಾವಿಯಿಂದ ಹುಬ್ಬಳ್ಳಿಯೇ ನೂರು ಕಿಲೋಮೀಟರ್ ಹತ್ತಿರ. ಉಳಿಸಿದ ಹಣ ಟ್ಯಾಕ್ಸಿಗೆ, ಉಳಿದ ಸಮಯ ರಸ್ತೆಗೆ. ಗೋವಾದ ಮೋಪಾ ನಿಲ್ದಾಣ ದೂರದ ಊರುಗಳಿಗೆ ನೋಡಬಹುದು, ಬೆಂಗಳೂರಿಗೆ ಅಲ್ಲ.

ಬಾಗಲಕೋಟೆ, ವಿಜಯಪುರದವರಿಗೆ

ಅಕ್ಕನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಸಾಂಬ್ರಾಕ್ಕೆ ಮೂರು ತಾಸು. ಬೆಳಗಾವಿ ಊರೊಳಗೆ ಹೋಗಬೇಕಿಲ್ಲ, ನಿಲ್ದಾಣ ಮೊದಲೇ ಸಿಗುತ್ತದೆ, ಅದೊಂದು ಅನುಕೂಲ. ಆದರೂ ಮೂರು ತಾಸು ರಸ್ತೆ, ಒಂದೂವರೆ ತಾಸು ಕಾಯುವುದು, ಒಂದೂಕಾಲು ವಿಮಾನ, ಎರಡೂಕಾಲು ಬೆಂಗಳೂರಿನ ರಸ್ತೆ: ಎಂಟು ತಾಸು. ಇಳಕಲ್, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗದ ಮೇಲೆ ನೇರ ಕಾರಿನಲ್ಲಿ ಹೋದರೂ ಎಂಟು-ಒಂಬತ್ತು ತಾಸೇ. ನವಲಗುಂದದ ಮೇಲೆ ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತಿದರೂ ಲೆಕ್ಕ ಬದಲಾಗುವುದಿಲ್ಲ. ನಾಲ್ಕು ಕಡೆ ಹತ್ತಿ ಇಳಿದು, ದುಡ್ಡು ಕೊಟ್ಟು, ಉಳಿಸಿದ್ದು ಏನೂ ಇಲ್ಲ. ಮಗಳು ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೋದಳು, ಆರೂವರೆಗೆ ಯಶವಂತಪುರದಲ್ಲಿ ಇಳಿದು, ಗೆಳತಿಯ ರೂಮಿನಲ್ಲಿ ಸ್ನಾನ ಮಾಡಿ ಹತ್ತಕ್ಕೆಲ್ಲ ಸಂದರ್ಶನದ ಜಾಗದಲ್ಲಿದ್ದಳು.

ರೈಲೇ ಬೇಕು ಅನ್ನುವವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ವಿಜಯಪುರ, ಬಾಗಲಕೋಟೆ, ಬಾದಾಮಿ, ಗದಗ, ಹುಬ್ಬಳ್ಳಿ ಅಂತ ನಿಧಾನಕ್ಕೆ ಹೋಗುತ್ತದೆ, ನಿದ್ದೆ ಚೆನ್ನಾಗಿ ಆಗುತ್ತದೆ. ಬಸವ ಎಕ್ಸ್‌ಪ್ರೆಸ್ ಅಂತ ಹೆಸರು ನೋಡಿ ಟಿಕೆಟ್ ತೆಗೆಯುವ ಮೊದಲು ದಾರಿ ನೋಡಿ. ಅದು ಬಾಗಲಕೋಟೆಯಿಂದ ಮೇಲೆ ಸೋಲಾಪುರಕ್ಕೆ ಹೋಗಿ, ರಾಯಚೂರು, ಗುಂತಕಲ್ ಸುತ್ತಿ ಬೆಂಗಳೂರಿಗೆ ಬರುತ್ತದೆ. ಮಹಾರಾಷ್ಟ್ರ, ಆಂಧ್ರ ಎರಡನ್ನೂ ನೋಡಿಕೊಂಡು!

ವಿಜಯಪುರದವರ ಗೋಳು ಇನ್ನೂ ದೊಡ್ಡದು. ಹುಬ್ಬಳ್ಳಿಗೆ ಕೊಲ್ಹಾರ ಸೇತುವೆ ದಾಟಿ 190 ಕಿ.ಮೀ.ಗಿಂತ ಕಡಿಮೆ ಇಲ್ಲ, ನಾಲ್ಕು ತಾಸು ಹಿಡಿಯುತ್ತದೆ. ನೇರ ಗೆರೆಯಲ್ಲಿ ನೋಡಿದರೆ ವಿಜಯಪುರದಿಂದ ಕೆಂಪೇಗೌಡ ನಿಲ್ದಾಣಕ್ಕೆ ಸುಮಾರು 455 ಕಿ.ಮೀ., ಬೆಳಗಾವಿಗಿಂತ ಹತ್ತೇ ಜಾಸ್ತಿ. ವಿಜಯಪುರದ ಪಕ್ಕದ ಬುರಣಾಪುರದ ವಿಮಾನ ನಿಲ್ದಾಣದಿಂದ ವಿಮಾನ ಹಾರಿದ ದಿನ ನಮ್ಮ ಮಾವನಿಗೂ ಟಿಕೆಟ್ಟಿನಲ್ಲಿ ಅದೇ ಒಂದೂಕಾಲು ತಾಸು ಬರೆದಿರುತ್ತದೆ, ಆಗ ಅವರಿಗೂ ಈ ಬೀಗದಿಂದ ಬಾಗಿಲಿನ ಲೆಕ್ಕ ಹೇಳಿಕೊಡಬೇಕು. ಸದ್ಯಕ್ಕೆ ಅವರ ಪಾಲಿಗೆ ರಾಷ್ಟ್ರೀಯ ಹೆದ್ದಾರಿ 50 ಮತ್ತು ರಾತ್ರಿ ಬಸ್ಸು.

ಕೊನೆಗೆ, ಮೇಲೆ ಬರೆದ ವೇಳೆಗಳನ್ನು ಹಾಗೇ ನಂಬಿ ಹೊರಡಬೇಡಿ. ವಿಮಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ, ಬದಲಾಗುತ್ತದೆ. ನಮ್ಮಂಥ ಸಣ್ಣ ನಿಲ್ದಾಣಗಳಿಗೆ ಆಗ ಒಂದು ವಿಮಾನ ಬರಬಹುದು, ಒಂದು ಹೋಗಬಹುದು. ಏಪ್ರಿಲ್‌ನ ಮದುವೆಗೆ ಫೆಬ್ರವರಿಯಲ್ಲೇ ಟಿಕೆಟ್ ತೆಗೆದಿದ್ದರೆ ಮಾರ್ಚ್ ಮುಗಿಯುವಾಗ ಒಮ್ಮೆ ಮೆಸೇಜ್ ತೆಗೆದು ಸಮಯ ನೋಡಿಕೊಳ್ಳಿ.